ಬೋರಲು ಹಾಕಿದ ಹರಿಗೋಲು

ಬುಕ್ಕಸಾಗರ
೩೧-೧೦-೨೦೦೬, ಮಂಗಳವಾರ

ನಮ್ಮ ಲಕ್ಷ್ಮಿಯ ಅಪ್ಪನವರಿಗೆ,

ವಿರುಪಮ್ಮನ ನಮಸ್ಕಾರ. ಹುಷಾರಾಗಿದ್ದೀರಾ? ಈ ಮಾತನ್ನು ಎಲ್ಲರೂ ಕಾಗದದ ತಲೆಗೆ ಸುಮ್ಮನೆ ಬರೆಯುತ್ತಾರೆ, ನಾನು ಮಾತ್ರ ಉತ್ತರ ಬೇಕೆಂದೇ ಕೇಳುತ್ತಿದ್ದೇನೆ. ಘಟ್ಟದ ರಸ್ತೆ ಪೂರ್ತಿ ಹಾಳಾಗಿದೆಯಂತೆ, ಅದಿರಿನ ಲಾರಿಗಳು ಒಂದರ ಹಿಂದೆ ಒಂದು ನಿಂತೇ ಇರುತ್ತವಂತೆ. ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಯೇ? ಸೊಂಟದ ನೋವು ಹೇಗಿದೆ? ಬೆನ್ನಿಗೊಂದು ದಿಂಬು ಇಟ್ಟುಕೊಳ್ಳಿ ಎಂದರೆ ನಗುತ್ತೀರಿ, ಸ್ಟಿಯರಿಂಗ್ ಹಿಡಿದವರಿಗೆ ಹೆಂಡತಿಯ ಮಾತು ಎಲ್ಲಿ ಕೇಳಿಸಬೇಕು! ದೀಪಾವಳಿಗೆ ಬಂದೇ ಬರುತ್ತೀರೆಂದು ಲಕ್ಷ್ಮಿ ಬಾಗಿಲಲ್ಲೇ ಕೂತಿದ್ದಳು. ನಿಮ್ಮ ಪಾಲಿನ ಕರ್ಜಿಕಾಯಿಯನ್ನು ಅವಳ ಕೈಗೆಟುಕದಂತೆ ಎತ್ತಿಟ್ಟಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಇರುವುದು ಕಿರಾಣಿ ಅಂಗಡಿಯಲ್ಲಿ, ನಿಮ್ಮ ಅವ್ವ ನನ್ನ ಪಕ್ಕದಲ್ಲೇ ನಿಂತಿರುತ್ತಾರೆ. 'ಆರಾಮ ಅದೀವ್ರಿ' ಅನ್ನುವುದರಾಚೆ ನನ್ನ ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಈ ಕಾಗದ. ಜಂಬಪ್ಪ ಸಂಜೆ ಲೋಡ್ ತೆಗೆದುಕೊಂಡು ನಿಮ್ಮ ಬಂದರಿಗೇ ಹೊರಡುತ್ತಾನಂತೆ, ಅವನ ಕೈಯಲ್ಲಿ ಕೊಡುತ್ತೇನೆ.

ನೀವು ಲಾರಿ ಹತ್ತಿ ಹೊರಟ ದಿನ ನೆನಪಿದೆಯಲ್ಲ. ನಿಮ್ಮ ಮನೆತನದ ರೂಢಿಯಂತೆ ಹರಿಗೋಲನ್ನು ಅಂಗಳದಲ್ಲಿ ಬೋರಲು ಹಾಕಿದಿರಿ. ಅದರ ಬೆನ್ನ ಮೇಲೆ ನಿಮ್ಮ ಕೈ, ನಿಮ್ಮ ಕೈ ಮೇಲೆ ನನ್ನ ಕೈ. 'ನಾ ತಿರುಗಿ ಬಂದು ಇದನ್ನ ಎತ್ತೋತನಕ ನೀನೂ ನೀರಿಗಿಳಿಬ್ಯಾಡ, ನಾನೂ ಇಳಿಯಂಗಿಲ್ಲ' ಅಂದಿರಿ. ಒಬ್ಬರು ತಪ್ಪಿದರೆ ಇನ್ನೊಬ್ಬರ ಜೀವಕ್ಕೆ ಕುತ್ತು ಎಂದು ಅತ್ತೆ ಸೇರಿಸಿದರು. ಒಂದೆರಡು ತಿಂಗಳ ಮಾತು ತಾನೇ ಎಂದು ನಾನೂ ಹೂಂ ಅಂದೆ. ಯುಗಾದಿಗೆ ಬಂದಿರಿ. ಎರಡು ದಿನಕ್ಕಾಗಿ ಅದನ್ನೇಕೆ ಎತ್ತುವುದೆಂದು ಹಾಗೇ ಬಿಟ್ಟು ಹೋದಿರಿ. ಕಂಪ್ಲಿಯ ಹೊಳೆಯಲ್ಲಿ ನಡಿಗೆಗಿಂತ ಮೊದಲು ಈಜು ಕಲಿತವಳು ನಾನು. ಈಗ ದಂಡೆಗೆ ಹೋಗಿ, ಕೊಡ ತುಂಬಿಕೊಂಡು, ಹರಕೆ ಹೊತ್ತವಳಂತೆ ತಿರುಗಿ ಬರುತ್ತೇನೆ. ಹೇಳಿದರೆ ಹುಚ್ಚು ಅನ್ನುತ್ತೀರಿ, ಆ ಹರಿಗೋಲಿನ ಕೆಳಗೆ ನನ್ನನ್ನೇ ಕವುಚಿಟ್ಟು ಹೋಗಿದ್ದೀರಿ ಅನಿಸುತ್ತದೆ. ಉಸಿರು ಕಟ್ಟುತ್ತದೆ ನನಗೆ.

ಯುಗಾದಿಗೆ ಬಂದಾಗಲೇ ನೀವು ಕಡಲಿನ ಸುದ್ದಿ ಹೇಳಿದ್ದು. ಹೈಸ್ಕೂಲಿನ ಹುಡುಗ ಹುಡುಗಿಯರು ಸೀಟಿ ಊದಿ, ಹಗ್ಗ ಎಸೆದು, ಅಲೆಗೆ ಸಿಕ್ಕವರನ್ನು ಎಳೆದು ತರುವುದನ್ನು ಅಲ್ಲಿನ ದಂಡೆಯಲ್ಲಿ ಕಲಿಯುತ್ತಾರೆಂದು. ನೀವು ಹೊತ್ತು ಹೋಗಲೆಂದು ಹೇಳಿದಿರಿ, ನನ್ನ ತಲೆಯಲ್ಲಿ ಅದು ಕೂತೇ ಬಿಟ್ಟಿತು. ನಮ್ಮ ದಂಡೆಗೂ ಈಗ ಭಾನುವಾರ ಬಂತೆಂದರೆ ಸಂಡೂರು, ಹೊಸಪೇಟೆ ಕಡೆಯಿಂದ ಗಣಿಯವರ ದೊಡ್ಡ ದೊಡ್ಡ ಗಾಡಿಗಳು. ಹಂಪಿ ನೋಡಲು ಬಂದವರು ಹೊಳೆ ಕಂಡು ಮೈಮರೆಯುತ್ತಾರೆ, ಕುಡಿದು ಧುಮುಕುತ್ತಾರೆ. ನೀರೊಳಗಿನ ಬಂಡೆ, ಸುಳಿ ಅವರಿಗೇನು ಗೊತ್ತು? ಮುಳುಗಿದವರನ್ನು ತೆಗೆಯಬಲ್ಲ ಗಂಡಸರೆಲ್ಲ ನಿಮ್ಮ ಹಾಗೆ ಟಿಪ್ಪರ್ ಹತ್ತಿದ್ದಾರೆ. ಅದಕ್ಕೆ ಓಣಿಯ ಹುಡುಗ ಹುಡುಗಿಯರನ್ನು ನಾನೇ ಕಟ್ಟಿಕೊಂಡೆ. ನೀವು ಬಿಟ್ಟುಹೋದ ಟೈರಿನ ಟ್ಯೂಬು, ನನ್ನ ಹಳೇ ಸೀರೆ ಹೊಸೆದು ಮಾಡಿದ ಹಗ್ಗ, ಲಕ್ಷ್ಮಿಯ ಆಟದ ಸೀಟಿ, ಇಷ್ಟೇ ಸಾಮಾನು. ಅವರು ನೀರಿನಲ್ಲಿ, ನಾನು ಬಂಡೆಯ ಮೇಲೆ. 'ಕೈ ಕೊಡಬ್ಯಾಡ್ರಲೇ, ಹಗ್ಗ ಕೊಡ್ರಿ' ಎಂದು ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. 'ಮುಳುಗಾಂವ ಕುತ್ತಿಗಿ ಹಿಡಿದ್ರ ಮ್ಯಾಲ ಬರಾಕ ಹೋಗಬ್ಯಾಡ, ತಳಕ್ಕ ಹೋಗು, ಅಂವಾನ ಬಿಡ್ತಾನ' ಅಂತಲೂ ಹೇಳಿಕೊಟ್ಟಿದ್ದೆ. ಆದರೆ ಇದು ಬಾಯಿಪಾಠದ ವಿದ್ಯೆಯೇ? ಯಾರಾದರೂ ಅವರ ಕುತ್ತಿಗೆ ಹಿಡಿದು, ಜೊತೆಗೆ ತಳಕ್ಕಿಳಿದು ತೋರಿಸಬೇಕು. ತೋರಿಸಬೇಕಾದವಳು ಸೀರೆಯ ನಿರಿಗೆ ಒದ್ದೆಯಾಗದಂತೆ ನಿಂತಿದ್ದೆ.

ಮೊನ್ನೆ ಭಾನುವಾರ ಆಗಬಾರದ್ದು ಆಯಿತು. ದಪ್ಪ ಆಳೊಬ್ಬ ಬಂಡೆಯ ಮೇಲಿನ ಪಾಚಿಗೆ ಜಾರಿ ಮಡುವಿಗೆ ಬಿದ್ದ. ಆಚೆಮನೆಯ ಅಂಜಿನಯ್ಯನ ಮಗ ಮೌನೇಶ್ ಹಗ್ಗ ಎಸೆದ, ಆ ಮನುಷ್ಯನಿಗೆ ಅದು ಕಾಣಲೇ ಇಲ್ಲ. ಹುಡುಗ ಟ್ಯೂಬು ತಳ್ಳಿಕೊಂಡು ಹೋದ. ಅವನು ಟ್ಯೂಬು ಬಿಟ್ಟು ಹುಡುಗನ ಕುತ್ತಿಗೆಗೇ ಜೋತುಬಿದ್ದ. 'ತಳಕ್ಕ ಹೋಗಲೇ ಮೌನೇಶಾ' ಎಂದು ಚೀರಿದೆ. ಹುಡುಗ ಎಲ್ಲರೂ ಮಾಡುವುದನ್ನೇ ಮಾಡಿದ, ಮೇಲೆ ಬರಲು ಒದ್ದಾಡಿದ. ಆಗ ನನಗೆ ನಿಮ್ಮ ನೆನಪೂ ಬರಲಿಲ್ಲ, ಹರಿಗೋಲಿನ ನೆನಪೂ ಬರಲಿಲ್ಲ. ಹಾರಿದೆ. ಇಬ್ಬರನ್ನೂ ಹಿಡಿದು ಕೆಳಕ್ಕೆ ಎಳೆದೆ. ಉಸಿರು ಸಿಗದೆ ಆ ಮನುಷ್ಯ ತಾನಾಗಿಯೇ ಕೈ ಬಿಟ್ಟ. ಟ್ಯೂಬಿಗೆ ಅವನ ಕೈ ಸಿಕ್ಕಿಸಿ, ಹುಡುಗನನ್ನು ಹೆಗಲಿಗೆ ಹಾಕಿಕೊಂಡು ದಂಡೆಗೆ ಬಂದೆ. ಆ ಪುಣ್ಯಾತ್ಮ ಕುಡಿದದ್ದನ್ನೆಲ್ಲ ಕಕ್ಕಿ, ಎದ್ದು ಕೂತು, ಮೊದಲು ಕೇಳಿದ್ದು ತನ್ನ ಮೊಬೈಲ್ ಎಲ್ಲಿ ಎಂದು! ಮೌನೇಶ್ ಆರಾಮಾಗಿದ್ದಾನೆ, ಸ್ವಲ್ಪ ಕೆಮ್ಮು ಅಷ್ಟೇ. ಆದರೆ ಅವರವ್ವ 'ನೀವು ನೀರಾಗ ಇದ್ರ ಕಳಿಸ್ತೀನ್ರಿ, ಇಲ್ಲಾಂದ್ರ ಇಲ್ಲ' ಅಂದಳು. ಎಲ್ಲ ತಾಯಂದಿರದ್ದೂ ಅದೇ ಮಾತು. ತಪ್ಪೇನಿದೆ? ನಾನಾದರೂ ಲಕ್ಷ್ಮಿಯನ್ನು ಹಾಗೆ ಕಳಿಸುತ್ತಿರಲಿಲ್ಲ.

ಅವತ್ತಿನಿಂದ ಅತ್ತೆ ನನ್ನ ಕೈಯ ಅನ್ನ ಮುಟ್ಟಿಲ್ಲ. ಹರಿಗೋಲಿಗೆ ಬೆನ್ನು ಕೊಟ್ಟು ಅಂಗಳದಲ್ಲೇ ಕೂತಿರುತ್ತಾರೆ. 'ನನ್ನ ಮಗ ಘಟ್ಟದಾಗ ಅದಾನ, ಅವಗೇನರ ಆದ್ರ ನೀನಾ ಹೊಣಿ' ಅಂದರು. ತಿರುಗಿ ಮಾತಾಡಲೂ ಆಗುವುದಿಲ್ಲ, ಏಕೆಂದರೆ ನನಗೂ ಹೆದರಿಕೆಯಿದೆ. ಅಂಗಡಿಯ ಫೋನು ಬಡಿದುಕೊಂಡರೆ ಇಬ್ಬರೂ ಬಾಗಿಲಿಗೆ ಓಡುತ್ತೇವೆ. ಇಳಿದರೆ ನಿಮ್ಮ ಜೀವ, ಇಳಿಯದಿದ್ದರೆ ಮಕ್ಕಳ ಜೀವ, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೇನೆ. ಮತ್ತೆ ಭಾನುವಾರ ಬರುತ್ತದೆ, ಗಾಡಿಗಳೂ ಬರುತ್ತವೆ. ಕೈ ಮುಗಿದು ಕೇಳುತ್ತೇನೆ, ಆ ಆಣೆಯಿಂದ ನಿನ್ನನ್ನು ಬಿಡಿಸಿದ್ದೇನೆಂದು ಜಂಬಪ್ಪನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿ. ನಿಮ್ಮ ಅವ್ವ ಕೇಳುವುದು ನಿಮ್ಮ ಮಾತನ್ನು ಮಾತ್ರ.

ಕರ್ಜಿಕಾಯಿ ಕಳಿಸಿದ್ದೇನೆ, ಒಬ್ಬರೇ ತಿನ್ನಬೇಡಿ. ನಿದ್ದೆಗೆಟ್ಟು ಗಾಡಿ ಓಡಿಸಬೇಡಿ. ವಿರೂಪಾಕ್ಷ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ ಒಂದು ಮಾತಿಗೆ ಕಾದಿರುವ
ವಿರುಪಮ್ಮ

ತಾ.ಕ.: ಜಂಬಪ್ಪ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಕರ್ಜಿಕಾಯಿ ತಿನ್ನುತ್ತ ನಿಮ್ಮನ್ನು ಹೊಗಳುತ್ತಿದ್ದಾನೆ. 'ಏನ್ ಈಜ್ತಾನಕ್ಕಾ ನಮ್ಮ ಗಾದಿಲಿಂಗಣ್ಣ! ಸಂಜಿ ಆತಂದ್ರ ಸಮುದ್ರದಾಗಾ ಇರ್ತಾನ. ಹೋದ ತಿಂಗಳ ನಮ್ಮ ಕ್ಲೀನರ್‌ನ ಅಲಿ ಎಳಕೊಂಡು ಹೋಗಿತ್ತು, ಅಣ್ಣಾನ ಜಿಗಿದು ತಂದ.' ಭಾಳ ಒಳ್ಳೆಯ ಕೆಲಸ ಮಾಡಿದಿರಿ. ನೀವು ದಿನಾ ಕಡಲಿಗಿಳಿದರೂ ಇಲ್ಲಿ ನನ್ನ ಕಾಲಿಗೆ ಒಂದು ಮುಳ್ಳೂ ಚುಚ್ಚಲಿಲ್ಲ. ಮೇಲೆ ಕೇಳಿದ ಅಪ್ಪಣೆ ಈಗ ಬೇಡ. ಅತ್ತೆ ಎಲ್ಲ ಕೇಳಿಸಿಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹರಿಗೋಲಿನ ಅಂಚಿಗೆ ಕೈ ಹಾಕಿ, ನನ್ನನ್ನು ಕೂಗುತ್ತಿದ್ದಾರೆ. ಒಬ್ಬರ ಕೈಯಲ್ಲಿ ಅದು ಏಳುವುದಿಲ್ಲ. ಹೋಗುತ್ತೇನೆ.