ಹುಣಸೆ ಬೀಜದ ಗಂಜಿ

ಕೂಡ್ಲಿಗಿ ತಾಲ್ಲೂಕು
16 ನವೆಂಬರ್ 2025, ಭಾನುವಾರ

ಸಿಟ್ಟು ಹೊತ್ತುಕೊಂಡು ಹಡಗಲಿಯ ಇಟ್ಟಂಗಿ ಭಟ್ಟಿ ಸೇರಿದ ನನ್ನ ಗಂಡ ಮೈಲಾರೇಶ ಅವರಿಗೆ, ಭೂಮಿಕಾಳ ಶರಣು.

ನೀವು ಫೋನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೂ ಓದಿ ಹರಿಯಿರಿ. ಗುರುವಾರ ಅಮಾವಾಸ್ಯೆ. ಅವತ್ತು ನಿಮ್ಮಪ್ಪ ಮಗ್ಗದ ಕುಣಿಗೆ ಮಣ್ಣು ತುಂಬಿಸುತ್ತಾರಂತೆ. ಅವರನ್ನು ತಡೆಯಬಲ್ಲವರು ನೀವೊಬ್ಬರೇ.

ಮಾವನ ಬಲಗೈಗೆ ಲಕ್ವಾ ಹೊಡೆದಾಗ ಮಗ್ಗ ಮುಟ್ಟಲು ನಿಮಗೆ ಮನಸ್ಸಿರಲಿಲ್ಲ. ನಾನು ಕುಣಿಗೆ ಕಾಲಿಳಿಸಿ ನೇಯಲು ಕೂತೆ. "ನಮ್ಮ ಕುಲದಾಗ ಹೆಣ್ಣು ಉಣ್ಣಿ ನೂಲತಾಳ, ಕುಣಿಗೆ ಇಳಿಯಂಗಿಲ್ಲ" ಎಂದು ನೀವು ಮನೆ ಬಿಟ್ಟಿರಿ. ನೂಲುವ ಕೈ ಶುದ್ಧ, ಅದೇ ಕೈ ನೇಯ್ದರೆ ಮೈಲಿಗೆ! ಯಾವ ದೇವರು ಬರೆದ ಕಾನೂನು ಇದು?

ಮೊದಲ ಕಂಬಳಿಯ ಅಂಚು ಹಾವಿನಂತೆ ಸೊಟ್ಟಗಾಯಿತು. ಅಡ್ಡ ಹಾಯಿಸುವ ಹೊಕ್ಕಿನ ನೂಲನ್ನು ಜಗ್ಗಿ ಎಳೆಯುತ್ತಿದ್ದೆ. ಅದು ನನ್ನ ತಪ್ಪೇ, ತಿದ್ದಿಕೊಂಡೆ. ಎರಡನೆಯದರಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳೇ ಹರಿಯತೊಡಗಿದವು. ದಿನಕ್ಕೆ ನಲವತ್ತು. ಗಂಟು ಹಾಕಿ ಹಾಕಿ ಉಗುರು ಸವೆದವು. ಮಾವ ಕಟ್ಟೆಯ ಮೇಲೆ ಕೂತು, "ಮುಟ್ಟಾಗಾಕಿ ಕುಂತ ಕುಣಿ ಅದು. ಎಳಿ ಹರೀದ ಇನ್ನೇನು ಆದೀತು?" ಎನ್ನುವರು.

ಆಗ ಹಟಕ್ಕೆ ಬಿದ್ದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ಎಂದುಕೊಂಡೆ. ಗಾಳಿ ಒಣಗಿದೆಯೇನೋ ಎಂದು ಹಾಸಿನ ಕೆಳಗೆ ಒದ್ದೆ ಗೋಣಿಚೀಲ ಹಾಕಿದೆ. ಹರಿದವು. ಎಳೆಗಳು ತೂರಿ ಬರುವ ಹಣಿಗೆಯ ಹಲ್ಲು ಒಂದೊಂದನ್ನೂ ಬೆರಳಿಂದ ಸವರಿ, ಒರಟಾದವನ್ನು ಉಜ್ಜಿ ನುಣುಪು ಮಾಡಿದೆ. ಹರಿದವು. ನೀಲಗುಂದದ ಕಡೆಯ ಉಣ್ಣೆ ತರಿಸಿ ಹೊಸ ನೂಲು ಕಟ್ಟಿದೆ. ಹರಿದವು. ಸರಿ, ನನ್ನನ್ನೂ ಬದಲಿಸಿ ನೋಡೋಣ ಎಂದು ಮುಟ್ಟಿನ ಐದು ದಿನ ಹೊರಗೆ ಕೂತು, ನಿಮ್ಮ ಚಿಕ್ಕಪ್ಪನ ಮಗ ಗವಿಸಿದ್ದೇಶನನ್ನು ಕುಣಿಗೆ ಇಳಿಸಿದೆ. ಗಂಡಸು, ಮಿಂದು ಹಣೆಗೆ ಭಂಡಾರ ಹಚ್ಚಿಕೊಂಡವನು. ಅವನ ಕೈಯಲ್ಲೂ ದಿನಕ್ಕೆ ನಲವತ್ತೊಂದು! ಮಾವ ಏನೆಂದರು ಗೊತ್ತೆ? "ಪಾಪ, ನೂಲು ಸರಿ ಇಲ್ಲ ತಗೋ."

ನನಗೆ ಹರಿದರೆ ಮೈಲಿಗೆ, ಅವನಿಗೆ ಹರಿದರೆ ನೂಲು.

ಕೊನೆಗೆ ಉಳಿದದ್ದು ಗಂಜಿ. ಹಾಸಿನ ನೂಲಿಗೆ ಬಳಿಯುವ ಹುಣಸೆ ಬೀಜದ ಗಂಜಿಯನ್ನು ನನ್ನ ಬಿಳಿ ವೇಲಿನಲ್ಲಿ ಸೋಸಿದೆ. ಬಟ್ಟೆಯ ತುಂಬ ಕಪ್ಪು ಸಿಪ್ಪೆಯ ಚೂರು, ಮರಳಿನಂತೆ. ಬೀಜ ಹುರಿದು ಕುಟ್ಟಿದ ಮೇಲೆ ಸಿಪ್ಪೆ ಆರಿಸಿರಲಿಲ್ಲ. ಕರಿ ಉಣ್ಣೆಯ ಮೇಲೆ ಕರಿ ಚೂರು ಯಾರಿಗೆ ಕಂಡೀತು? ಗರಗಸದಂತೆ ಎಳೆಗಳನ್ನು ಕೊಯ್ಯುತ್ತಿತ್ತು. ಸಿಪ್ಪೆ ಪೂರ್ತಿ ಆರಿಸಿ ತೆಗೆದು ಬೇರೆ ಗಂಜಿ ಕಾಯಿಸಿ ಹೊಸ ಹಾಸು ಹೂಡಿದೆ. ಅವತ್ತು ಹರಿದದ್ದು ಎರಡೇ ಎರಡು.

ಕುಣಿಯಿಂದ ಎದ್ದು ಕುಣಿದಾಡಬೇಕಿತ್ತು ನಾನು. ಆದರೆ ಮಾವ ಕೇಳಿದರು, ಆ ಹಾಳು ಗಂಜಿ ಕಾಯಿಸಿದ್ದು ಯಾರು ಎಂದು. ನಾನೇ ಎಂದೆ. "ಕೆಡಿಸಿದಾಕಿ ನೀನ ಅಂದ ಮ್ಯಾಲ ಮುಗೀತು. ಅಮಾಸಿಗೆ ಮುಚ್ಚಸ್ತೀನಿ" ಎಂದರು. ಇದಕ್ಕಿಂತ ಹೆಚ್ಚು ಕೇಳಬೇಡಿ.

ಈ ಊರಲ್ಲಿ ನನ್ನದು ಎಂದು ಇರುವುದು ಆ ಮೂರಡಿ ಕುಣಿ ಒಂದೇ. ಅದನ್ನು ಮುಚ್ಚಿದರೆ ಮತ್ತೆ ಕಸ, ಮುಸುರೆ, ನಿಮ್ಮ ದಾರಿ ಕಾಯುವುದು. ಸಾಯುವವರೆಗೆ. ಕಾಲು ಹಿಡಿಯುವ ಜಾತಿಯ ಹೆಂಗಸಲ್ಲ ನಾನು. ಇವತ್ತು ಹಿಡಿಯುತ್ತಿದ್ದೇನೆ. ಬನ್ನಿ.

ಎಲ್ಲ ಬಾಗಿಲು ತಟ್ಟಿ ಮುಗಿಸಿದ
ಭೂಮಿಕಾ

ತಾ.ಕ.: ಮಾವ ಅಮಾವಾಸ್ಯೆಗೆ ಕಾಯಲಿಲ್ಲ. ಕಾಗದ ಅಂಟಿಸುವಷ್ಟರಲ್ಲಿ ಗವಿಸಿದ್ದೇಶನ ತಲೆಗೆ ಮಣ್ಣಿನ ಬುಟ್ಟಿ ಹೊರಿಸಿದರು. ಆಗ ನಿಮ್ಮವ್ವ ಮರುಳಸಿದ್ದಮ್ಮ ಗೋಡೆ ತಡವಿಕೊಂಡು ಬಂದು ಕುಣಿಯಲ್ಲಿ ಇಳಿದು ಕೂತರು. "ಆ ಗಂಜಿ ಕಾಸಿದಾಕಿ ನಾನು. ಎರಡು ವರ್ಷದಿಂದ ನನಗ ಕಣ್ಣು ಕಾಣಂಗಿಲ್ಲ. ಗೊತ್ತಾದ್ರ ಒಲಿ ಮುಂದಿಂದ ಎಬ್ಬಸ್ತೀರಿ ಅಂತ ಬಾಯಿ ಮುಚ್ಕೊಂಡಿದ್ದೆ. ಈಕಿಗೆ ಗೊತ್ತಿತ್ತು, ನನ್ನ ತಪ್ಪು ತನ್ನ ತಲಿ ಮ್ಯಾಲ ಹೊತ್ಗೊಂಡ್ಳು. ಹಾಕಲೇ ಗವಿಸಿದ್ದ, ನನ್ನ ಮ್ಯಾಲ ಹಾಕು ಮಣ್ಣು!" ಗವಿಸಿದ್ದೇಶ ಬುಟ್ಟಿ ಹೊತ್ತುಕೊಂಡೇ ನಿಂತಿದ್ದಾನೆ. "ಎಬ್ಬಸ್ರಿ ಆಕಿನ್ನ" ಎಂದು ಮಾವ ಕೂಗುತ್ತಿದ್ದಾರೆ. ಕುಣಿಯ ಅಂಚಿನಲ್ಲಿ ಕೂತು ಇಷ್ಟು ಬರೆದೆ, ಇನ್ನು ನಾನೂ ಇಳಿಯುತ್ತೇನೆ. ಬುಟ್ಟಿಯ ಕಡೆ ನಿಲ್ಲುತ್ತೀರೋ ಕುಣಿಯ ಕಡೆಯೋ, ಬಸ್ಸಿನಲ್ಲೇ ತೀರ್ಮಾನಿಸಿಕೊಂಡು ಬನ್ನಿ.