ಅರವತ್ತು ಕೆ.ಜಿ.

ಜೂನ್ 3, ರಾತ್ರಿ

ಭುವನಾ, ಹೇಗಿದ್ದೀಯೆ ತಂಗಿ? ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ನಿನ್ನ ಯಜಮಾನರು ಯೋಗೇಶರ ಕೆಮ್ಮು ಇಳಿಯಿತೇ? ಮಗಳು ಧನ್ಯಾಳ ಕಿವಿನೋವು? ಡೈರಿ ಬರೆಯಲು ಕೂತರೂ ನಿನ್ನ ಹೆಸರು ಹಾಕದೆ ಕೈ ಓಡುವುದಿಲ್ಲ. ಇದು ನಿನ್ನೂರು ಜಾವಳಿಗೆ ತಲುಪುವುದಿಲ್ಲ, ಆದರೂ...

ನಾನು ಗಟ್ಟಿ. ನಿನ್ನ ಅತ್ತಿಗೆ ವಿಮಲಳ ಮಂಡಿ ಹಾಗೇ. ಲಾಡ್ಜಿನ ಮೆಟ್ಟಿಲು ಹತ್ತಲಾಗದೆ ಒಂಬತ್ತು ವರ್ಷದಿಂದ ಎಲ್ಲಿಗೂ ಹೋಗಿಲ್ಲ. ಅದಕ್ಕೇ ಹಾಸಿಗೆ ಇರುವ ಸಣ್ಣ ಟ್ರೇಲರ್ ಹುಡುಕುತ್ತಿದ್ದೇನೆ — ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವುದು. ಜೀಪು ಮುದಿ. ನಾನೂರು ಕೆ.ಜಿ. ದಾಟಿದರೆ ಘಾಟಿ ಹತ್ತುವುದಿಲ್ಲ.

ಇವತ್ತು ಚಿಕ್ಕಮಗಳೂರಿನಲ್ಲಿ ಕಂಡಿದ್ದು ನಾಲ್ಕನೆಯದು. ಸೆಕೆಂಡ್ ಹ್ಯಾಂಡ್. ಮಾರುವವನು ಕಲ್ಲೇಶ್.

"ಬರೀ ಮುನ್ನೂರ ಹತ್ತು ಕೆ.ಜಿ. ಸಾರ್. ಒಂದು ವಾರ ಇಟ್ಕೊಂಡು ನೋಡಿ, ಆಮೇಲೆ ಮಾತಾಡೋಣ."

ಜೀಪಿಗೆ ಕಟ್ಟಿಕೊಂಡು ಮನೆಗೆ ತಂದೆ.

ಜೂನ್ 5

ಎಸ್ಟೇಟಿನಲ್ಲಿ ರೈಟರ್ ಆಗಿ ಮೂವತ್ತನಾಲ್ಕು ವರ್ಷ ಕಾಫಿ ಮೂಟೆ ತೂಗಿಸಿದವ ನಾನು. ಬಾಯಿಮಾತಿನ ತೂಕ ನಂಬುವುದುಂಟೇ? ಆಲ್ದೂರಿನಲ್ಲಿ ಲಾರಿ ತೂಗುವ ವೇಬ್ರಿಜ್ಜಿಗೆ ಒಯ್ದು, ಜೀಪು ಬಿಚ್ಚಿ ಟ್ರೇಲರ್ ಮಾತ್ರ ನಿಲ್ಲಿಸಿದೆ. ಮುನ್ನೂರ ಹತ್ತು. ಸರಿ.

ವಿಮಲ ಹಾಸಿಗೆ ನೋಡುತ್ತೇನೆಂದು ಒಳಗೆ ಹೋಗಿ ಮಲಗಿದಳು. ಮುನ್ನೂರ ಎಪ್ಪತ್ತು.

"ರೈಟ್ರೇ, ಅಮ್ಮೋರ ತೂಕಾನೂ ಗೊತ್ತಾತು!" ಎಂದ ವೇಬ್ರಿಜ್ಜಿನ ಲಕ್ಕಯ್ಯ.

ಒಳಗಿನಿಂದಲೇ ಇವಳು: "ಸೀರೆದೇ ಹತ್ತು ಕೆ.ಜಿ. ಐತೆ, ಕಳಿಯಾ ಮಾರಾಯ!"

ಇಳಿದು ಬಂದಳು. ವೇಬ್ರಿಜ್ಜಿನಿಂದ ಆಚೆ ನನ್ನ ಪಕ್ಕ ನಿಂತಳು. ಮುನ್ನೂರ ಎಪ್ಪತ್ತು... ಹಾಗೇ.

ಖಾಲಿ ಟ್ರೇಲರನ್ನು ಇಳಿಸಿ ಮತ್ತೆ ಹತ್ತಿಸಿದೆವು. ಅದೇ. ಲಕ್ಕಯ್ಯ ಮಿಷನ್ನಿಗೆ ಎರಡು ಗುದ್ದಿದ. ಈ ಹವೆಗೆ ಒಣಗಿಸಿಟ್ಟ ಪಾರ್ಚ್‌ಮೆಂಟ್ ಕಾಫಿ ಬೀಜವೇ ತೇವ ಕುಡಿದು ತೂಕ ಏರುತ್ತದೆ, ಪ್ಲೈವುಡ್ ಏರದೇ ಎಂದೆ ನಾನು. ಐದು ನಿಮಿಷಕ್ಕೆ ಅರವತ್ತು ಕೆ.ಜಿ.?

ಜೂನ್ 6

ವಿಮಲಳ ಮಂಡಿನೋವು ಇಲ್ಲ. ಬೆಳಿಗ್ಗೆ ಅಟ್ಟ ಹತ್ತಿ ಉಪ್ಪಿನಕಾಯಿ ಭರಣಿ ತಂದಳು. ಏಣಿ ಒಮ್ಮೆಯೂ ಕಿರುಗುಟ್ಟಲಿಲ್ಲ.

ಜೂನ್ 9, ಮಧ್ಯಾಹ್ನ

ಕೆಸರಿನಲ್ಲಿ ಇಬ್ಬರೂ ನಡೆದು ಬಂದೆವು. ತಿರುಗಿ ನೋಡಿದೆ. ಹೆಜ್ಜೆ ನನ್ನವು ಮಾತ್ರ.

ವಿಮಲಳನ್ನು ಕಾಳುಮೆಣಸಿನ ತಕ್ಕಡಿ ಮೇಲೆ ನಿಲ್ಲಿಸಿದೆ. ಮುಳ್ಳು ಅಲ್ಲಾಡಲಿಲ್ಲ. ಅವಳು ನಕ್ಕಳು. ನನಗೆ ನಗಲಾಗಲಿಲ್ಲ.

ಟ್ರೇಲರ್ ಒಳಗೆ ಹೋದೆ. ಹಾಸಿಗೆಯಲ್ಲಿ ಒಬ್ಬರು ಮಲಗಿದಷ್ಟು ಉದ್ದದ ತಗ್ಗು. ಮುಟ್ಟಿದರೆ ಬೆಚ್ಚಗಿದೆ.

ಜೂನ್ 10

ಕಲ್ಲೇಶನ ಫೋನು. ಬೇರೆ ಗಿರಾಕಿ ಬಂದಿದ್ದಾರೆ, ಇವತ್ತು ಒಯ್ಯಲೇ ಎಂದ. ಒಯ್ದರೆ ವಿಮಲಳ ತೂಕವೂ ಹೋಯಿತು. ಇನ್ನೊಂದು ವಾರ ಬೇಕು ಎಂದು ಫೋನು ಇಟ್ಟೆ.

"ವಿಮಲಾ, ಒಂದ್ಸಲ ಅದೇ ಜಾಗದಲ್ಲಿ ಮಲಗು. ವಾಪಸ್ ಬರಬಹುದು."

"ಮಂಡಿನೋವೂ ವಾಪಸ್ ಬರತ್ತಲ್ಲ? ಆ ಭಾರ ಇಷ್ಟು ವರ್ಷ ಹೊತ್ತಿದ್ದು ನಾನು ಕಣ್ರೀ, ನೀವಲ್ಲ."



ಜೂನ್ 14, ಸಂಜೆ ನಾಲ್ಕು

ಮೂರು ದಿನದಿಂದ ಗಾಳಿ. ಪೆನ್ನು ಹಿಡಿಯಲು ಕೈ ಬಿಡುವಿರಲಿಲ್ಲ — ಅವಳ ಮಣಿಕಟ್ಟು ಹಿಡಿದೇ ಇದ್ದೆ. ನಿನ್ನೆ ಅಂಗಳದಲ್ಲಿ ಅವಳ ಪಾದ ನೆಲದಿಂದ ಒಂದು ಗೇಣು ಮೇಲಿತ್ತು. ಭಯವೇ ಇಲ್ಲ ಅವಳಿಗೆ.

"ಸ್ವಲ್ಪ ಬಿಡಿ. ಬೇಲಿ ತನಕ ಹೋಗಿ ಬರ್ತೀನಿ."

"ಬರದಿದ್ರೆ?"

"ಹಂಗಾದ್ರೆ ನೀವೂ ಆ ಹಾಸಿಗೇಲಿ ಒಂಚೂರು ಮಲಗಿ ಎದ್ದು ಬನ್ನಿ. ಒಟ್ಟಿಗೆ ಹೋಗುವ."

ತೋಳು ಸೋತಿದೆ. ಅವಳ ಸೊಂಟಕ್ಕೆ ಶಲ್ಯ ಕಟ್ಟಿ, ಇನ್ನೊಂದು ತುದಿಯನ್ನು ಟ್ರೇಲರಿನ ಬಾಗಿಲಿಗೆ ಬಿಗಿದು, ಒಳಗೆ ಕೂತು ಬರೆಯುತ್ತಿದ್ದೇನೆ. ಶಲ್ಯ ಮೇಲಕ್ಕೆ ಎಳೆಯುತ್ತಿದೆ. ಅವಳು ಏನೋ ಗುನುಗುತ್ತಿದ್ದಾಳೆ, ಟ್ರೇಲರಿನ ಸೂರಿಗಿಂತ ಮೇಲೆ. ತಗ್ಗಿನ ಪಕ್ಕ ಇನ್ನೊಬ್ಬರು ಮಲಗುವಷ್ಟು ಜಾಗ ಇದೆ. ನಾನೂ ಹಗುರಾದರೆ ಅವಳನ್ನು ಕೆಳಗೆ ಹಿಡಿಯುವವರು ಯಾರು? ಹಗುರಾಗದಿದ್ದರೆ ಅವಳ ಜೊತೆ ಹೋಗುವವರು ಯಾರು?

ಗಂಟು ಜಾರುತ್ತಿದೆ. ಬೇಗ ಒಂದು ಕಾಗದ ಬರಿ, ಭುವನಾ, ನಾನು ಮಲಗಲೇ, ಇಲ್ಲ ಶಲ್ಯ —