ಮಸ್ಕತ್ತಿನ ಬ್ಯಾಂಕಿನ ಕಾಗದ

ಮಾರ್ಚ್ ೧೧, ಮಂಗಳವಾರ. ಟಿಳಕವಾಡಿ.

ಖಾನಾಪುರದ ಹಳೇ ವಿಳಾಸಕ್ಕೆ ಬಂದಿದ್ದ ಕಾಗದವನ್ನು ಮೈದುನ ತಂದುಕೊಟ್ಟ. ಮಸ್ಕತ್ತಿನ ಖಾತೆಯಲ್ಲಿ ಕನಿಷ್ಠ ಮೊತ್ತ ಉಳಿಸದ್ದಕ್ಕೆ ನಲವತ್ತು ರಿಯಾಲ್ ಶುಲ್ಕವಂತೆ. ಊರಿಗೆ ಮರಳುವಾಗಲೇ ಅದನ್ನು ಮುಚ್ಚಿದೆನೆಂದು ಇವರು ಹೇಳಿದ್ದರಲ್ಲ!

“ಖರೇ ಹೇಳ್ರಿ, ಯಾರಿಗೆ ರೊಕ್ಕ ಕಳಸ್ತಿದ್ರಿ?” ಎಂದೆ.

“ಯಾರಿಗೂ ಇಲ್ಲ. ಮುಚ್ಚೈತಿ ಅಂತ ತಿಳಕೊಂಡಿದ್ದೆ,” ಎಂದರು ಇವರು.

ನಂಬಲಿಲ್ಲ. ನನ್ನೆದುರೇ ಬ್ಯಾಂಕಿಗೆ ಫೋನು ಹಚ್ಚಿಸಿದೆ. ಅದು ಜಂಟಿ ಖಾತೆ, ಮುಚ್ಚುವ ಅರ್ಜಿಗೆ ಹೆಂಡತಿ ನಾಗರತ್ನಾ ಸಹಿ ಮಾಡಿ ಕಳಿಸಲೇ ಇಲ್ಲ ಎಂದರು ಬ್ಯಾಂಕಿನವರು. ಆ ಅರ್ಜಿಯನ್ನು ಕಪಾಟಿನಲ್ಲಿಟ್ಟು ಮರೆತವಳು ನಾನೇ.

ಇವರು ಬೈಯಲಿಲ್ಲ, ನಗಲೂ ಇಲ್ಲ. ಹೊಸ ಅರ್ಜಿ ತರಿಸೋಣ ಎಂದಷ್ಟೇ ಹೇಳಿ ಮಲಗಿದರು. ನನಗೆ ನಿದ್ದೆಯಿಲ್ಲ. ತಪ್ಪು ನನ್ನದೆಂದು ಮೊದಲೇ ಗೊತ್ತಿದ್ದೂ ನನ್ನಿಂದ ಸುಮ್ಮನೆ ಅನ್ನಿಸಿಕೊಂಡರೇ?